ಏಕಸಂಬಿಗೆ ಒಂದು ಹೆಸರು

ಮುಂದಾಳು ಎಂದರೆ ಯಾರು ಎಂದು ಹುಡುಗರು ತಿರುಗಿ ಕೇಳಿಬಿಟ್ಟರೆ? ಎಲ್ಲರಿಗಿಂತ ಮುಂದೆ ನಡೆಯುವವನು ಎಂದರೆ ನಗುತ್ತಾರೆ. ನಿರ್ಧಾರ ತೆಗೆದುಕೊಳ್ಳುವವನು ಎಂದರೆ, ನೀವು ಯಾವ ನಿರ್ಧಾರ ತೆಗೆದುಕೊಂಡಿದ್ದೀರಿ ಸರ್ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಬಹುದು. ಬಾಯಿಬಿಟ್ಟು ಕೇಳದಿದ್ದರೂ ಮುಖದ ಮೇಲೆ ಆ ಪ್ರಶ್ನೆ ಇದ್ದೇ ಇರುತ್ತದೆ. ಕಾಲೇಜಿನಲ್ಲಿ ಇಷ್ಟು ಜನ ಇದ್ದರೂ ಈ ಪಾಠ ತನ್ನ ಕೊರಳಿಗೇ ಏಕೆ ಬಿತ್ತು? ಒಲ್ಲೆ ಅನ್ನುವುದು ತನಗೆ ಬರುವುದಿಲ್ಲ ಎಂದು ಪ್ರಾಚಾರ್ಯರಿಗೆ ಗೊತ್ತಿದೆ, ಅದಕ್ಕೇ ಇರಬೇಕು.

"ರೊಟ್ಟಿ ಬೇಕೇನಂತ ಕೇಳ್ರಿ," ಎಂದಳು ಹೆಂಡತಿ ಸಪನಾ ಒಲೆಯ ಹತ್ತಿರದಿಂದ.

ಸಂಭಾಜಿ ತಲೆ ಎತ್ತಿದ. ಮಾತು ಅವನಿಗಲ್ಲ, ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಅಪ್ಪ ನಾಮದೇವನಿಗೆ. ಸೊಸೆ ಮಾವನನ್ನು ನೇರವಾಗಿ ಮಾತಾಡಿಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಮಾತೆಲ್ಲ ಬಾಗಿಲ ಬಳಿ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದ ಅವ್ವ ಸುಂದ್ರವ್ವನ ಮೂಲಕವೇ ಹೋಗಿ ಬರಬೇಕು.

"ರೊಟ್ಟಿ ಬೇಕೇನ್ರಿ?" ಸುಂದ್ರವ್ವ ಕೇಳಿದಳು.

"ಬ್ಯಾಡ. ಗಟ್ಟಿ ಆಗ್ಯಾವು ಅಂತ ಹೇಳು."

"ಗಟ್ಟಿ ಆಗ್ಯಾವಂತವಾ."

"ಕೇಳಿಸ್ತರಿ ಅತ್ತಿ."

"ಆಕೀಗೂ ಕೇಳಸತೈತಿ, ನಿಮಗೂ ಕೇಳಸತೈತಿ. ಮತ್ತ ನಡುವ ನಾ ಯಾಕ? ನಾ ಏನ ಟೆಲಿಫೋನ್ ಆಫೀಸಿನ್ಯಾಗ ನೌಕರಿಗೆ ಅದೀನೇನ?"

ನಾಮದೇವ ನಗಲಿಲ್ಲ. ಚಿಕ್ಕೋಡಿ ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಸ್ಟಿಯರಿಂಗ್ ಹಿಡಿದಾಗ ಮಾತಾಡಬಾರದು ಎಂಬ ನಿಯಮವನ್ನು ಮನೆಯಲ್ಲೂ ಪಾಲಿಸುತ್ತಿದ್ದ. ರೊಟ್ಟಿಯ ಚೂರನ್ನು ಸಾರಿನಲ್ಲಿ ಅದ್ದಿ, ನೆನೆಯುವ ತನಕ ಕಾದು ಬಾಯಿಗೆ ಹಾಕಿಕೊಂಡ.

"ಹೊಸಾ ಪೇಪರ ಬಂದೈತಿ," ಎಂದ ಸಂಭಾಜಿ, ಯಾರಿಗೂ ಅಲ್ಲದ ಹಾಗೆ. "ಕಡೀ ವರ್ಷದ ಹುಡುಗುರಿಗೆ ಮ್ಯಾನೇಜಮೆಂಟ್, ಲೀಡರಶಿಪ್. ನನಗ ಹಚ್ಯಾರ."

"ಹಲ್ಲಿನ ಡಾಕ್ಟರಿಗೆ ಅದೇನ ಬೇಕೊ?" ಸುಂದ್ರವ್ವ ಕೇಳಿದಳು.

"ನಾಳೆ ದವಾಖಾನಿ ತಗದ್ರ ನಡಸಾಕ ಬರಬೇಕಲ್ಲವ್ವಾ. ನರ್ಸ್, ಪೇಶಂಟ್, ಎಲ್ಲಾರನ್ನೂ ಸಂಭಾಳಿಸೂದು."

"ನೀ ಕಲಸ್ತಿ?" ಎಂದ ನಾಮದೇವ. "ನೀ ಬೋರ್ಡ ಮ್ಯಾಲಿನ ಹಲ್ಲಿನ ಡಾಕ್ಟರ. ಈಗ ಬೋರ್ಡ ಮ್ಯಾಲಿನ ಲೀಡರ."

ಅದು ಸುಳ್ಳಲ್ಲ. ಸಂಭಾಜಿ ದಂತ ಕಾಲೇಜಿನ ಸಾರ್ವಜನಿಕ ಆರೋಗ್ಯ ವಿಭಾಗದವನು. ಪಾಠ, ಹಳ್ಳಿಗಳಲ್ಲಿ ಹಲ್ಲು ತಪಾಸಣೆಯ ಶಿಬಿರ, ವರದಿ ಅವನ ಕೆಲಸ. ಕೈಯಲ್ಲಿ ಇಕ್ಕಳ ಹಿಡಿದು ಹಲ್ಲು ಕಿತ್ತು ಎಷ್ಟೋ ವರ್ಷವಾಗಿತ್ತು. ಆ ಮನೆಯಲ್ಲಿ ಹಲ್ಲು ಕೀಳುವ ಕೈ ಇದ್ದದ್ದು ಸಪನಾಗೆ. ಮದುವೆಗೆ ಮೊದಲು ಮಿರಜದ ಒಂದು ದವಾಖಾನೆಯಲ್ಲಿ ಹಲ್ಲಿನ ಡಾಕ್ಟರಾಗಿ ಕೆಲಸ ಮಾಡಿದ್ದಳು. ಮಗಳು ಹುಟ್ಟಿದ ಮೇಲೆ ಬಾಯಿ ಕನ್ನಡಿ, ಇಕ್ಕಳಗಳೆಲ್ಲ ಸ್ಟೀಲಿನ ಡಬ್ಬಿ ಸೇರಿ, ಡಬ್ಬಿ ಅಟ್ಟ ಸೇರಿತ್ತು.

ಎಲ್ಲರೂ ಉಂಡು ಎದ್ದ ಮೇಲೆ ಅವಳು ಒಲೆ ಕಟ್ಟೆ ಒರೆಸುತ್ತ ಕೇಳಿದಳು: "ನಾಳೆ ಏನ ಹೇಳ್ತೀರಿ ಕ್ಲಾಸಿನ್ಯಾಗ?"

"ಸ್ಲೈಡ್ ಮಾಡಿಕೊಂಡೀನಿ. ನಾಯಕನ ಗುಣಗಳು."

"ನಿದ್ದಿ ಹೊಡೀತಾರ. ಅವ್ರ ಕೈಯಾಗ ಒಂದ ಊರ ಕೊಡ್ರಿ. ಶಿಬಿರ ಅವರ ಮಾಡ್ಲಿ, ಒಬ್ಬರನ್ನ ಮುಂದ ಮಾಡ್ರಿ. ತಪ್ಪಿದ್ರ ತಪ್ಪಲಿ. ನೀವು ಹಿಂದ ನಿಂದರ್ರಿ."

ಹಿಂದೆ ನಿಲ್ಲುವುದು ಸಂಭಾಜಿಗೆ ಒಪ್ಪಿಗೆಯಾಯಿತು.

*

ಕ್ಲಾಸಿನಲ್ಲಿ ಅವನು ಅದನ್ನು ತನ್ನ ಮಾತೆಂಬಂತೆ ಹೇಳಿದ. ಹುಡುಗರು ಮೊಬೈಲು ಕೆಳಗಿಟ್ಟರು. ಕಬ್ಬೂರಿನ ಶಿಬಿರಕ್ಕೆ ಸ್ನೇಹಲಳನ್ನು ಮುಂದಾಳು ಮಾಡಿದರು. ಐನಾಪುರದ ದ್ರಾಕ್ಷಿ ತೋಟದವರ ಮನೆಯ ಹುಡುಗಿ. ಮಾತು ಚುರುಕು, ನಡಿಗೆ ಇನ್ನೂ ಚುರುಕು. ಒಂದು ವಾರದಲ್ಲಿ ಯೋಜನೆ ತಂದು ಮೇಜಿನ ಮೇಲಿಟ್ಟಳು.

"ಸರ್, ಹೋದ ಸಲ ಏನಾಗಿತ್ತು? ಮಂದಿ ಬೇಕಾದಾಗ ಬರ್ತಿದ್ರು. ಗಂಡ ಬಂದ ಹೋದ ಮ್ಯಾಲೆ ಹೆಂಡ್ತಿ, ಆಕಿ ಹಿಂದ ಅತ್ತಿ. ಒಂದ ಮನೀದ ಲೆಕ್ಕ ಮೂರ ಸಲ ಬರೀಬೇಕಾಗ್ತಿತ್ತು. ಈ ಸಲ ಮನಿಗೊಂದ ಟೋಕನ್. ಮನಿಮಂದಿ ಎಲ್ಲಾ ಒಮ್ಮೆಲೇ ಬರಬೇಕು. ಒಂದ ಸಾಲು, ಒಂದ ಮನಿ, ಒಂದ ಡಾಕ್ಟರ. ಮುಗೀತು."

ಸಂಭಾಜಿಗೆ ಅದು ಅಚ್ಚುಕಟ್ಟಾಗಿ ಕಂಡಿತು. ಸಂಜೆ ಮನೆಯಲ್ಲಿ ಹೇಳಿದ. ಸಪನಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ಒಂದ ಮನಿ ಮಂದಿನ್ನ ಒಂದ ಸಾಲಿನ್ಯಾಗ ಕುಂಡ್ರಸ್ತೀರಿ? ಮಾವ ಬಾಜೂಕ ಕುಂತಿರತಾನ, ಸೊಸಿ ಬಾಯಿ ತಗೀತಾಳೇನ್ರಿ?"

"ಈಗಿನ ಕಾಲದಾಗ ಅದೆಲ್ಲಾ ಎಲ್ಲೈತಿ?"

"ಈ ಮನ್ಯಾಗ ಐತಿ. ನಾ ಮಾವಾರ ಮುಂದ ಆಕಳಿಸಿದ್ದ ನೋಡೀರೇನ ನೀವು?"

ಅವನು ನೆನಪು ಮಾಡಿಕೊಳ್ಳಲು ನೋಡಿದ. ನೋಡಿರಲಿಲ್ಲ.

"ಸ್ನೇಹಲಗ ಹೇಳ್ರಿ. ಹೆಣ್ಮಕ್ಕಳಿಗೆ ಬ್ಯಾರೆ ಖೋಲಿ ಮಾಡ್ಲಿ."

"ಹೇಳ್ತೀನಿ," ಎಂದ.

ಮರುದಿನ ಸ್ನೇಹಲ ಟೋಕನ್ನುಗಳನ್ನು ಆಗಲೇ ಅಚ್ಚು ಹಾಕಿಸಿ ತಂದಿದ್ದಳು, ನೀಲಿ ಬಣ್ಣದವು. ಅವಳ ಗುಂಪಿನವರು ಖುಷಿಯಲ್ಲಿದ್ದರು. ಈಗ ಬೇಡ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಆಮೇಲೆ ಎಂಬುದು ಬರಲಿಲ್ಲ.

*

ಕಬ್ಬೂರಿನ ಶಾಲೆಯ ದೊಡ್ಡ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಜನ ಬಂದರು, ಮನೆಮನೆಯೇ ಬಂದಿತು. ಮುದುಕರು ಮೊದಲ ಕುರ್ಚಿಯಲ್ಲಿ, ಅವರ ಪಕ್ಕ ಮಕ್ಕಳು, ಕೊನೆಯಲ್ಲಿ ಸೊಸೆಯಂದಿರು. ಗಂಡಸರು ಬಾಯಿ ತೆರೆದರು. ಅತ್ತೆಯಂದಿರು ಗಂಡನ ಕಡೆ ಬೆನ್ನು ತಿರುಗಿಸಿ ಕೂತು ಅರ್ಧ ತೆರೆದರು. ಸೊಸೆಯಂದಿರ ಸರದಿ ಬಂದಾಗ ಕೆಲಸ ನಿಂತಿತು.

"ಬಾಯಿ ತಗೀರಿ ಅಕ್ಕಾ," ಎಂದಳು ಸ್ನೇಹಲ.

ಆ ಹೆಂಗಸು ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಲೆ ಅಲ್ಲಾಡಿಸಿದಳು. ಅವಳ ಒಂದು ಕೆನ್ನೆ ಊದಿತ್ತು.

"ನೋವ ಐತೇನ್ರಿ?"

ಅವಳು ಎರಡು ಕುರ್ಚಿ ಆಚೆ ಕೋಲು ಹಿಡಿದು ಕೂತಿದ್ದ ಮಾವನ ಕಡೆ ನೋಡಿದಳು. "ಇಲ್ರಿ," ಎಂದಳು, ಸೆರಗು ಬಿಡದೆ.

"ಆಕೀದ ಬಿಡ ಯವ್ವಾ," ಎಂದಳು ಅವಳ ಅತ್ತೆ ಕೆಂಪವ್ವ. "ಹಿರ್ಯಾರ ಮುಂದ ದವಡಿ ತಗದ ತೋರಸಾಕ ಆಕಿ ಏನ ಸಂತ್ಯಾಗಿನ ಎಮ್ಮಿ ಏನ? ಬೇಕಾದ್ರ ನನ್ನ ಬಾಯಿ ಇನ್ನೊಮ್ಮೆ ನೋಡು."

ಕೋಣೆಯಲ್ಲಿ ನಗು ಎದ್ದಿತು. ಆಮೇಲೆ ಯಾವ ಸೊಸೆಯೂ ಕುರ್ಚಿಯ ಹತ್ತಿರ ಬರಲಿಲ್ಲ. ಒಬ್ಬೊಬ್ಬರಾಗಿ ಕೂಸು ಅಳುತ್ತದೆ, ಎಮ್ಮೆ ಹಿಂಡಬೇಕು ಎಂದು ಹೊರಟರು. ಊದಿದ ಕೆನ್ನೆಯವಳೂ ಹೋದಳು. ಮಧ್ಯಾಹ್ನಕ್ಕೆ ಕೋಣೆಯಲ್ಲಿ ಹುಡುಗರು, ಟ್ರೇ, ನೀಲಿ ಟೋಕನ್ನುಗಳು ಉಳಿದವು.

ತಿರುಗಿ ಬರುವಾಗ ಕಾಲೇಜಿನ ಬಸ್ಸಿನಲ್ಲಿ ಸ್ನೇಹಲ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು.

"ನಮ್ಮವ್ವ ಅಜ್ಜನ ಮುಂದ ಬಾಯಿ ತಗದ ನಕ್ಕಿದ್ದ ನಾ ಒಂದ ದಿನಾನೂ ನೋಡಿಲ್ರಿ ಸರ್," ಎಂದಳು. "ನಂಗ ಗೊತ್ತಿತ್ತು. ನೆನಪ ಆಗಲಿಲ್ಲ. ಯಾರರ ಒಂದ ಮಾತ ಅಂದಿದ್ರ..."

ಸಂಭಾಜಿ ರಸ್ತೆ ನೋಡಿದ. ಎರಡೂ ಕಡೆ ಕಬ್ಬು ಎದೆಯೆತ್ತರ ಬೆಳೆದು ನಿಂತಿತ್ತು.

ಪ್ರಾಚಾರ್ಯ ಧನಪಾಲ ಸರ್ ಮರುದಿನ ಎಲ್ಲರನ್ನೂ ಕರೆಸಿದರು. ದನಿ ಏರಿಸುವ ಮನುಷ್ಯನಲ್ಲ. ಅದಕ್ಕೇ ಅವರ ಮುಂದೆ ನಿಲ್ಲುವುದು ಕಷ್ಟವಾಗುತ್ತಿತ್ತು.

"ಊರ ತುಂಬ ಹೆಣ್ಮಕ್ಕಳದಾರ. ಕಡೀಕೆ ನೋಡಿದ್ದು ಬರೇ ಮುದುಕರ ಬಾಯಿ. ಲೀಡರ್ ಯಾರು?"

ಸ್ನೇಹಲ ಎದ್ದು ನಿಂತಳು. ಅವಳ ಗುಂಪಿನ ಹುಡುಗರು ಬೆಂಚು ನೋಡುತ್ತಿದ್ದರು. ಒಬ್ಬ ಮೆಲ್ಲಗೆ, "ನಾವು ಹೇಳಿದ್ವಿ ಸರ್, ಆಕಿ ಕೇಳಲಿಲ್ಲ," ಎಂದ. ಯಾರೂ ಹೇಳಿರಲಿಲ್ಲ. ಸಂಭಾಜಿ ಕನ್ನಡಕ ತೆಗೆದು ಒರೆಸಿಕೊಂಡ.

*

"ಹೇಳಿದ್ರೇನ ಆಕೀಗೆ?" ಸಪನಾ ಕೇಳಿದಳು.

"ಹೇಳಾಕ ಆಗಲಿಲ್ಲ."

ಬೈಯುತ್ತಾಳೆ ಎಂದು ಕಾದ. ಬೈಯಲಿಲ್ಲ. ಶೇಂಗಾ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ ಹೇಳಿದಳು: "ಇನ್ನೊಂದ ಊರ ಕೊಡ್ರಿ ಆಕೀಗೆ. ಗಂಡಸೂರಿಗೆ ಊರ ಸಾಲಿಯಾಗ ಮಾಡ್ರಿ. ಹೆಣ್ಮಕ್ಕಳಿಗೆ ಬ್ಯಾರೆ ಕಡೆ, ಗಂಡಸೂರ ಕಣ್ಣಿಗೆ ಬೀಳದಂಗ. ಅಲ್ಲೂ ಅತ್ತಿ ಸೊಸಿ ಕೂಡಿ ಬ್ಯಾಡ. ಮುಂಜಾನೆ ಅತ್ತಿಗೋಳು ಬರ್ಲಿ. ತಮ್ಮ ಹಲ್ಲ ತೋರಿಸಿ ಮನಿಗೆ ಹೋಗಿ ಕೂಸ ಹಿಡೀಲಿ. ಆಮ್ಯಾಲೆ ಸೊಸೆಂದಿರು ಬರ್ತಾರ. ಅತ್ತಿ ಹೋಗಿ ಬಂದ ಜಾಗಾಕ್ಕ ಸೊಸಿ ಹೋದ್ರ ಯಾರೂ ಏನೂ ಅನ್ನೂದಿಲ್ಲ."

ಸಂಭಾಜಿ ಅವಳನ್ನು ನೋಡಿದ. ಹಿಟ್ಟಿನ ಕೈಯಿಂದ ಮುಂಗೂದಲು ಸರಿಸಿಕೊಂಡದ್ದಕ್ಕೆ ಹಣೆಯ ಮೇಲೆ ಬಿಳಿ ಗೆರೆ ಬಿದ್ದಿತ್ತು.

"ಏಕಸಂಬಿಯಾಗ ಕಾಲೇಜಿನವರು ದವಾಖಾನಿ ತಗೀತಾರಂತ," ಎಂದ. "ವಾರದಾಗ ಮೂರ ದಿನ. ನೋಡಿಕೊಳ್ಳಾಕ ಒಬ್ಬ ಡಾಕ್ಟರ ಬೇಕಂತ. ಮುಂದಿನ ಶಿಬಿರ ಅಲ್ಲೇ."

ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ನನ್ನ ಹೆಸರ ಹೇಳ್ರಿ," ಎಂದಳು.

"ನೋಡೂನು."

"ನೋಡೂದಲ್ರಿ. ಹೇಳ್ರಿ. ಎಷ್ಟ ವರ್ಷಾತು ನಾ ಒಂದ ಬಾಯಿ ನೋಡಿ? ಹೆಸರ ಹೇಳಿದ್ರ ಸಾಕು, ಉಳಿದದ್ದ ನಾ ಮಾತಾಡ್ತೀನಿ."

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಸಂಜೆ ಅವಳೇ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಮಾತು ತೆಗೆದಳು.

"ಅತ್ತಿ, ಏಕಸಂಬಿ ದವಾಖಾನಿಗೆ ನಾ ಹೋಗಬೇಕಂತ ಮಾಡೇನ್ರಿ. ಮೂರ ದಿನ ಅಷ್ಟ. ಮುಂಜಾನೆ ರೊಟ್ಟಿ ಬಡದ ಇಟ್ಟ ಹೋಗ್ತೀನಿ."

"ಹುಡುಗಿನ್ನ ಸಾಲಿಗೆ ಬಿಡೂದು, ತರೂದು?"

"ನೀವದೀರಲ್ರಿ."

"ನಾ ಅದೀನವಾ. ನನ್ನ ಮೊಣಕಾಲ ಒಪ್ಪತಾವೋ ಇಲ್ಲೋ ಅವನ್ನ ಕೇಳು," ಎಂದಳು ಸುಂದ್ರವ್ವ. ಆದರೆ ದನಿಯಲ್ಲಿ ಸಿಟ್ಟು ಇರಲಿಲ್ಲ. "ಇವರನ್ನ ಒಂದ ಮಾತ..."

ಅಷ್ಟರಲ್ಲಿ ನಾಮದೇವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಏನೂ ಅನ್ನದೆ ಎದ್ದ. ಹೊರಗೆ ಹೋಗಿ ಬಾಯಿ ಮುಕ್ಕಳಿಸುವ ಸದ್ದು ಕೇಳಿತು. ಆಮೇಲೆ ಗೇಟು ತೆರೆದ ಸದ್ದು.

ಸುಂದ್ರವ್ವ ಗಂಡನ ತಟ್ಟೆ ನೋಡಿದಳು, ಮಗನ ಮುಖ ನೋಡಿದಳು.

"ನೋಡಿದಿಲ್ಲ?" ಎಂದ ಸಂಭಾಜಿ ಹೆಂಡತಿಗೆ.

"ಏನ ನೋಡೂದು? ಅವರೇನೂ ಅಂದಿಲ್ಲ."

"ಅನ್ನೂದ ಯಾಕ ಬೇಕು? ಉಣ್ಣೂದ ಬಿಟ್ಟ ಎದ್ರಲ್ಲ."

ಸಪನಾ ಮಾವನ ತಟ್ಟೆ ಎತ್ತಿ ಅವನ ಮುಂದೆ ಹಿಡಿದಳು. ರೊಟ್ಟಿಯ ನಡುವಿನ ಮೆತ್ತಗಿನ ಭಾಗ ಮಾತ್ರ ಹೋಗಿತ್ತು. ಸುತ್ತಲಿನ ಅಂಚು, ಒಂದು ತುತ್ತು ಬಿಟ್ಟರೆ, ಹಾಗೇ ಉಳಿದಿತ್ತು. "ಇದನ್ನ ನೋಡ್ರಿ. ದಿನಾ ಹಿಂಗ ಬಿಡಾಕತ್ಯಾರ, ಅಗಿಯೂದೂ ಬರೇ ಬಲಗಡೆ. ಎಡಗಡೆ ಕೆಳಗಿನ ದವಡಿ ಹಲ್ಲ ಅದು. ನೋವೈತಿ ಅವರಿಗೆ."

"ನಿನಗ ಎಲ್ಲಾದಕ್ಕೂ ಹಲ್ಲ," ಎಂದ ಸಂಭಾಜಿ.

ಅಪ್ಪ ಒಲ್ಲೆ ಎಂದಿದ್ದಾನೆ ಎಂದು ಅವನು ತಿಳಿದುಕೊಂಡ. ಹಾಗೆ ತಿಳಿದುಕೊಂಡ ಮೇಲೆ ಒಂದು ಬಗೆಯ ಹಗುರವೂ ಆಯಿತು. ಇನ್ನು ಯಾರನ್ನೂ ಕೇಳಬೇಕಾಗಿಲ್ಲ.

*

ಏಕಸಂಬಿಯ ಶಿಬಿರಕ್ಕೆ ಸ್ನೇಹಲ ಮತ್ತೆ ಮುಂದಾಳಾದಳು. ಸಂಭಾಜಿ ಈ ಸಲ ಎಲ್ಲವನ್ನೂ ಹೇಳಿದ. ಬೇರೆ ಜಾಗ, ಮುಂಜಾನೆ ಅತ್ತೆಯಂದಿರು, ಆಮೇಲೆ ಸೊಸೆಯಂದಿರು. ಯಾರ ಮಾತು ಎಂಬುದೊಂದನ್ನು ಬಿಟ್ಟು. ಹುಡುಗಿ ಬರೆದುಕೊಂಡು, "ಸರ್, ಇದು ಭಾರೀ ಐತ್ರಿ," ಎಂದಳು.

ಅಂಗನವಾಡಿಯ ಕೋಣೆಯಲ್ಲಿ ಹೆಂಗಸರ ಶಿಬಿರ ನಡೆಯಿತು. ಮುಂಜಾನೆ ಅತ್ತೆಯಂದಿರು ಬಂದು, ಸುಟ್ಟ ತಂಬಾಕಿನ ಪುಡಿ ಮಿಶ್ರಿಯನ್ನು ತಿಕ್ಕಿ ತಿಕ್ಕಿ ಕಪ್ಪಾದ ಹಲ್ಲು ತೋರಿಸಿ, ಹುಡುಗಿಯರಿಂದ ಬೈಸಿಕೊಂಡು, "ತಂಬಾಕದ ನಾಡಿನ್ಯಾಗ ಹುಟ್ಟಿ ಮಿಶ್ರಿ ಬಿಡ ಅಂತೀರಲ್ಲ," ಎಂದು ತಿರುಗಿ ಬೈದು ಹೋದರು. ಬಿಸಿಲು ಏರಿದ ಮೇಲೆ ಸೊಸೆಯಂದಿರು ಬಂದರು. ಮೊದಲು ಇಬ್ಬರು, ಆಮೇಲೆ ಓಣಿ ಓಣಿಯೇ. ಒಳಗಿನಿಂದ ನಗು ಕೇಳುತ್ತಿತ್ತು. ಹೊರಗೆ ಬೇವಿನ ಮರದಡಿ ನಿಂತಿದ್ದ ಸಂಭಾಜಿಗೆ ಒಳಗೆ ಹೋಗಲು ಅವಕಾಶ ಇರಲಿಲ್ಲ. ಅಷ್ಟೊಂದು ಹೆಂಗಸರು ಒಟ್ಟಿಗೆ ಬಾಯಿ ತೆರೆದು ನಗುವುದನ್ನು ಅವನು ಕೇಳಿರಲಿಲ್ಲ.

ಮರುದಿನ ಕಾಲೇಜಿನಲ್ಲಿ ಧನಪಾಲ ಸರ್ ತಮ್ಮ ಕೋಣೆಗೆ ಕರೆದು ಚಹಾ ತರಿಸಿದರು. ಸ್ನೇಹಲಳೂ ಇದ್ದಳು.

"ಈ ಯೋಚನಿ ಯಾರದು?"

"ಸರ್ ಹೇಳಿದ್ದು ಸರ್," ಎಂದಳು ಸ್ನೇಹಲ, ಸಂಭಾಜಿಯ ಕಡೆ ಕೈ ತೋರಿಸಿ.

"ಶಾಣ್ಯಾ ಅದೀರಿ ನೀವು. ಹಳ್ಳಿ ಮನಿ ಒಳಗಿನ ಮಾತ ನಿಮಗ ಹೆಂಗ ಗೊತ್ತಾತು?"

ಸಂಭಾಜಿ ಚಹಾದ ಕಪ್ಪನ್ನು ಬಸಿಯ ಮೇಲೆ ಇಟ್ಟ. "ಹಿಂಗ... ಮನ್ಯಾಗ ನೋಡಿರ್ತೀವಲ್ರಿ ಸರ್," ಎಂದ.

ಹುಡುಗಿ ಹೋದ ಮೇಲೆ ಧನಪಾಲ ಸರ್ ಕೇಳಿದರು: "ಏಕಸಂಬಿ ದವಾಖಾನಿಗೆ ಒಂದ ಹೆಸರ ಕೊಡ್ರಿ. ಹೆಣ್ಮಕ್ಕಳನ್ನ ತಿಳದೋರು ಬೇಕು. ಲೇಡಿ ಡಾಕ್ಟರ ಆದ್ರ ಚಲೋ. ನೀವು ಹೇಳಿದ್ರ ನಾ ಬ್ಯಾರೆ ಕಡೆ ಕೇಳೂದಿಲ್ಲ."

ಹೆಸರು ನಾಲಿಗೆಯ ತನಕ ಬಂದಿತ್ತು. ಅದರ ಹಿಂದೆಯೇ ಅಪ್ಪನ ಖಾಲಿ ಮಣೆ, ಗೇಟಿನ ಸದ್ದು, ಮುಂದೆ ದಿನಾ ಮುಂಜಾನೆ ಮನೆಯಲ್ಲಿ ನಡೆಯಬಹುದಾದ ಮಾತುಗಳು ಬಂದವು. ಆ ಮಾತುಗಳ ನಡುವೆ ನಿಲ್ಲಬೇಕಾದವನು ತಾನು.

"ವಿಚಾರ ಮಾಡಿ ಹೇಳ್ತೀನ್ರಿ ಸರ್," ಎಂದ.

ಮುಂದಿನ ವಾರ ವರಾಂಡದಲ್ಲಿ ಎದುರಾದಾಗ ಅವರು ಮತ್ತೆ ಕೇಳಿದರು. "ಏನ್ರಿ, ಹೆಸರ ಏನಾತು?"

"ನೀವ ನೋಡ್ರಿ ಸರ್," ಎಂದ ಸಂಭಾಜಿ. "ನೀವು ಮಾಡಿದ್ದ ಚಲೋ."

*

ಫಲಿತಾಂಶ ಬಂದ ದಿನ ಸ್ನೇಹಲ ಪೇಢೆಯ ಡಬ್ಬಿ ಹಿಡಿದು ಮನೆಗೆ ಬಂದಳು. ಹೊಸ ಪೇಪರಿನಲ್ಲಿ ಅವಳೇ ಮೊದಲು. ಸಂಭಾಜಿ ಇನ್ನೂ ಬಂದಿರಲಿಲ್ಲ. ಸುಂದ್ರವ್ವ ಅವಳನ್ನು ಕೂರಿಸಿ ಯಾವ ಊರು, ಯಾರ ಪೈಕಿ, ಎಷ್ಟು ಎಕರೆ ದ್ರಾಕ್ಷಿ ಎಲ್ಲ ಕೇಳಿ ಮುಗಿಸುವಷ್ಟರಲ್ಲಿ ಅವನು ಬಂದ. ಸಪನಾ ಚಹಾ ತಂದಳು.

"ಮೇಡಂ, ಸರ್ ಇರದಿದ್ರ ನಾ ಪಾಸ್ ಆಗ್ತಿರಲಿಲ್ರಿ. ಕಬ್ಬೂರಿನ್ಯಾಗ ಮಾನ ಹೋಗಿತ್ತು. ಏಕಸಂಬಿಯಾಗ ಸರ್ ಒಂದ ಐಡಿಯಾ ಕೊಟ್ರು ನೋಡ್ರಿ, ಅತ್ತಿಗೋಳು ಮುಂಜಾನೆ, ಸೊಸೆಂದಿರು ಆಮ್ಯಾಲೆ. ಇಡೀ ಕಾಲೇಜ ಮಾತಾಡಾಕತ್ತೈತಿ."

"ಹೌದೇನ್ರಿ?" ಎಂದಳು ಸಪನಾ. ಬಸಿಯಲ್ಲಿ ಚೆಲ್ಲಿದ ಚಹಾವನ್ನು ಒರೆಸಿದಳು. "ಪೇಢೆ ತಂದೀರಲ್ಲ. ಎಲ್ಲಿವು?"

"ನಿಪ್ಪಾಣಿವು. ಮತ್ತ ಸರ್, ಏಕಸಂಬಿ ದವಾಖಾನಿಗೆ ಮಿರಜದ ಕಡೆಯಿಂದ ಒಬ್ಬರು ಮೇಡಂ ಬರ್ತಾರಂತಲ್ಲ? ಸೋಮವಾರದಿಂದ ಅಂತ."

ಸಂಭಾಜಿ ಪೇಢೆಯ ಡಬ್ಬಿಯ ದಾರ ಬಿಚ್ಚುತ್ತಿದ್ದ. ಬಿಚ್ಚಿದ್ದರೂ ಬಿಚ್ಚುತ್ತಲೇ ಇದ್ದ. "ಹೌದಂತ," ಎಂದ.

ಸಪನಾ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವತ್ತು ಏನನ್ನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಊಟಕ್ಕೆ ಬಡಿಸಿದಳು, ಮಗಳ ಜಡೆ ಹೆಣೆದಳು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಅವನು ಎದುರು ಬಂದರೆ ಸರಿದು ದಾರಿ ಬಿಡುತ್ತಿದ್ದಳು.

*

ದೀಪಾವಳಿಗೆ ಮುಂಚೆ ಒಂದು ಮುಂಜಾನೆ ನಾಮದೇವನ ಎಡಗೆನ್ನೆ ಕಣ್ಣಿನ ತನಕ ಊದಿಕೊಂಡಿತ್ತು. ಲವಂಗ, ಬೆಳ್ಳುಳ್ಳಿ ಎಲ್ಲ ಇಟ್ಟು ನೋಡಿದ್ದಾಗಿತ್ತು. ಗೋಡೆಗೆ ಒರಗಿ ಕೂತಿದ್ದ. ಸಂಭಾಜಿ ಬಂದು, "ಅಪ್ಪಾ, ಬಾಯಿ ತಗೀ," ಎಂದ.

"ನೀ ದೂರ ಸರಿ. ನಿನಗೇನ ತಿಳೀತೈತಿ?" ಅರ್ಧ ಬಾಯಿಯಲ್ಲಿ ಹೇಳಿದ ನಾಮದೇವ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಆಕಿನ್ನ ಕರಿ."

"ಯಾರನ್ರಿ?"

"ಮನ್ಯಾಗ ಎಷ್ಟ ಮಂದಿ ಡಾಕ್ಟರ ಅದಾರ?"

ಸಪನಾ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡು ಒಳಗೆ ಹೋದಳು. ಅಟ್ಟದ ಮೇಲಿನ ಸ್ಟೀಲ್ ಡಬ್ಬಿ ಇಳಿಸಿ, ಬಾಯಿ ಕನ್ನಡಿಯನ್ನು ಬಿಸಿ ನೀರಿನಲ್ಲಿ ಕುದಿಸಿ ತಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಮಾವನ ಮುಂದೆ ಕೂತಳು. ಇಬ್ಬರೂ ಅಲುಗಾಡಲಿಲ್ಲ. ಸೊಸೆಯ ಕೈ ಮಾವನ ಮುಖದ ಹತ್ತಿರ ಹೋಗುವುದು ಹೇಗೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ನಾಮದೇವ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕಣ್ಣ ಮೇಲೆ ಹಾಕಿಕೊಂಡ.

"ನಾ ನೋಡೂದಿಲ್ಲ," ಎಂದ. "ನೀ ನೋಡು."

ಬಾಯಿ ತೆರೆದ. ಸುಂದ್ರವ್ವ ಮೊಬೈಲಿನ ಬೆಳಕು ಹಿಡಿದಳು. ಸಪನಾ ಕನ್ನಡಿಯಿಂದ ಕೆನ್ನೆ ಸರಿಸಿ ನೋಡಿದಳು. "ಎಡಗಡೆ ಕೆಳಗಿಂದು," ಎಂದಳು ಮೆಲ್ಲಗೆ. "ಬೇರಿನ ತನಕ ಹೋಗೇತಿ. ಇಂದ ತಗೀಬೇಕ್ರಿ."

ಅವಳೇ ರಿಕ್ಷಾ ಕರೆಸಿ, ಮಾವನನ್ನು ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಹಲ್ಲು ತೆಗೆಯುವಾಗ ನಾಮದೇವ ಮತ್ತೆ ಟವೆಲ್ ಹಾಕಿಕೊಂಡು, ಸೊಸೆ ಇರಬೇಕು ಎಂದನಂತೆ.

ಮೂರು ನಾಲ್ಕು ದಿನ ಅಂಬಲಿ, ಮೆತ್ತಗಿನ ಅನ್ನ ನಡೆಯಿತು. ಊತ ಇಳಿಯಿತು. ಒಂದು ಸಂಜೆ ನಾಮದೇವ ಮಗನ ಪಕ್ಕ ಊಟಕ್ಕೆ ಕೂತ. ಸಪನಾ ಒಲೆಯ ಹತ್ತಿರದಿಂದ ಕೇಳಿದಳು.

"ಮಾವಾರ, ರೊಟ್ಟಿ ಹಾಕ್ಲೇನ್ರಿ?"

"ಹಾಕವಾ. ಬಿಸಿದಿರ್ಲಿ."

ಸುಂದ್ರವ್ವ ಇಬ್ಬರನ್ನೂ ನೋಡಿದಳು. "ಮುಗೀತು. ನನ್ನ ನೌಕರಿ ಹೋತು," ಎಂದಳು. ನಾಮದೇವ ನಕ್ಕ. ಹಲ್ಲು ಹೋದ ಸಂದು ಕಾಣಿಸಿತು.

"ಗಣಪತಿ ಆದ ಮ್ಯಾಲೆ ಒಂದಿನ ಉಣ್ಣೂದ ಬಿಟ್ಟ ಎದ್ದ ಹೋದ್ರಲ್ಲ, ಅದೂ ಈ ಹಲ್ಲಿಗೇ ಏನ್ರಿ?" ಸುಂದ್ರವ್ವ ಕೇಳಿದಳು.

"ಮತ್ತ ಯಾಕ? ರೊಟ್ಟಿ ಅಂಚ ಹಲ್ಲಿನ ಮ್ಯಾಲೆ ಬಿತ್ತು. ಕಣ್ಣಾಗ ಕಿಡಿ ಹಾರಿತ್ತು."

"ಈಕಿ ನೌಕರಿ ಅಂದದ್ದಕ್ಕ ಸಿಟ್ಟ ಬಂತಂತ ತಿಳದ್ವಿ ನಾವು."

"ನೌಕರಿಗೆ ನಂದೇನ ಸಿಟ್ಟು?" ನಾಮದೇವ ರೊಟ್ಟಿ ಮುರಿದ. "ನೌಕರಿಗೆ ಹೋಗೂ ಮಾಸ್ತರಬಾಯಿಗೋಳು, ನರ್ಸಬಾಯಿಗೋಳು, ಎಲ್ಲಾರೂ ನನ್ನ ಗಾಡಿಗೇ ಬರ್ತಿದ್ರು. ಓಡಿ ಬರೂದ ಕಂಡ್ರ ಸ್ಟಾಪ್ ಇಲ್ಲದ ಕಡೇನೂ ನಿಲ್ಲಸ್ತಿದ್ದೆ. ಕಂಡಕ್ಟರ ಬೈತಿದ್ದ." ಮಗನ ಕಡೆ ತಿರುಗಿದ. "ಸಂಭಾ, ಆ ಏಕಸಂಬಿ ಕೆಲಸ ಏನಾತೊ?"

"ಬ್ಯಾರೆಯವರನ್ನ ತಗೊಂಡಾರ."

"ಈಕಿನ್ನ ಯಾಕ ತಗೊಳ್ಳಿಲ್ಲ? ಏನ ಕಮ್ಮಿ ಈಕೀಗೆ?"

ಒಲೆಯ ಹತ್ತಿರ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಅವರ ಮನಸ್ಸಿಗೆ ಬರಲಿಲ್ಲೇನೊ," ಎಂದ ಸಂಭಾಜಿ.

"ಇರ್ಲಿ ಬಿಡ್ರಿ ಮಾವಾರ," ಎಂದಳು ಸಪನಾ. "ಇವರು ಹೇಳೇ ಇರ್ತಾರ. ಕೇಳೋರ ಬೇಕಲ್ಲ."

ಬಡಿಯುವ ಸದ್ದು ಮತ್ತೆ ಶುರುವಾಯಿತು. ಅವಳು ಬಿಸಿ ರೊಟ್ಟಿ ತಂದು ಮೊದಲು ಮಾವನ ತಟ್ಟೆಗೆ, ಆಮೇಲೆ ಗಂಡನ ತಟ್ಟೆಗೆ ಹಾಕಿದಳು. ಅವನ ಮುಖ ನೋಡಿ ಎಷ್ಟೋ ದಿನದ ಮೇಲೆ, "ಬೆಣ್ಣಿ ಹಾಕ್ಲೇನು?" ಎಂದು ಕೇಳಿದಳು. ಸಂಭಾಜಿ ಹೂಂ ಎಂದ.

ಧನಪಾಲ ಸರ್ ಒಂದು ಹೆಸರು ಕೊಡಿ ಎಂದು ತನ್ನನ್ನೇ ಕೇಳಿದ್ದರು, ಎರಡು ಸಲ ಕೇಳಿದ್ದರು ಎಂಬುದನ್ನು ಅವನು ಅವತ್ತು ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ.